ಕುದಿಯೋ ನೀರು ಅಂದ ಸಾಲು

ಟಿ. ನರಸೀಪುರ
೨೨-೪-೨೦೦೭, ಭಾನುವಾರ

ಪ್ರೀತಿಯ ಗುರಣ್ಣಾ,

ಇವತ್ತು ಬೆಳಿಗ್ಗೆ ಅವ್ವ ಉಕ್ಕುತ್ತಿದ್ದ ಹಾಲಿನ ಪಾತ್ರೆಯನ್ನು ಸ್ಟೌವ್ ಮೇಲಿಂದ ಬರಿಗೈಯಲ್ಲೇ ಎತ್ತಿ ಕೆಳಗಿಟ್ಟಳು. ಬಟ್ಟೆಯಿಲ್ಲ, ಇಕ್ಕಳವಿಲ್ಲ. ನಾವೆಲ್ಲ ಮಾಡುವ ಹಾಗೆ ಬೆರಳನ್ನು ಕಿವಿಗೆ ಮುಟ್ಟಿಸಿಕೊಳ್ಳಲೂ ಇಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದನ್ನು ಇವತ್ತೇ ಕಂಡೆನಲ್ಲ ಎಂದು ನಾಚಿಕೆಯಾಯಿತು. ಆಮೇಲೆ ಪೆನ್ನು ಹುಡುಕಿದೆ.

ನೀನು ಹೇಗಿದ್ದೀಯ? ತಿರುಪ್ಪೂರಿನ ಬಿಸಿಲು ಇಲ್ಲಿಗಿಂತ ಜಾಸ್ತಿ ಅಂತ ಕೇಳಿದ್ದೇನೆ. ಬನಿಯನ್ ಫ್ಯಾಕ್ಟರಿಯ ಹತ್ತಿ ದೂಳಿಗೆ ನಿನ್ನ ಕೆಮ್ಮು ಕೆರಳಿಲ್ಲ ತಾನೆ? ರೂಮಿನಲ್ಲಿ ಮೂವರೂ ಸರದಿಯ ಮೇಲೆ ಅಡುಗೆ ಮಾಡುತ್ತೀರಿ ಎಂದು ನೀನೇ ಹೇಳಿದ್ದೆ. ನಿನ್ನ ಸರದಿಯ ದಿನ ಉಳಿದಿಬ್ಬರು ಏನು ಪಾಪ ಮಾಡಿದ್ದಾರೋ. ಫೋನಿನಲ್ಲೇ ಕೇಳೋಣವೆಂದು ಎರಡು ಸಲ ಮಾಡಿದೆ. ‘ಅಪ್ಪ’ ಎನ್ನುವಷ್ಟರಲ್ಲಿ ಕಟ್ ಮಾಡುತ್ತೀಯ. ಪತ್ರವನ್ನು ಕಟ್ ಮಾಡಲಾಗದು, ಹರಿಯಬಹುದು ಅಷ್ಟೇ. ಹರಿಯುವುದಾದರೆ ಪೂರ್ತಿ ಓದಿ ಹರಿ. ಮೇ ಎರಡಕ್ಕೆ ಬುದ್ಧ ಪೂರ್ಣಿಮೆ. ಇನ್ನು ಹತ್ತೇ ದಿನ. ಅಷ್ಟರೊಳಗೆ ನಿನಗೆ ತಿಳಿಯಬೇಕಾದ ಮಾತೊಂದಿದೆ.

ನಿನ್ನ ಹಾಡಿನ ಸಿ.ಡಿ. ಈಗ ಇಲ್ಲಿ ನಿನಗಿಂತ ಹೆಚ್ಚು ಓಡಾಡುತ್ತಿದೆ. ನಾನು ಪಾಠ ಹೇಳುವ ನಂಜನಗೂಡಿನ ಕಾಲೇಜಿನಲ್ಲಿ ಹುಡುಗರು ಡೆಸ್ಕ್ ಬಡಿದುಕೊಂಡು ಹೇಳುತ್ತಾರೆ, ನಾನು ಒಳಗೆ ಹೋದ ತಕ್ಷಣ ನಿಲ್ಲಿಸುತ್ತಾರೆ. ನಾನು ನಿನ್ನ ತಂಗಿ ಅಂತ ಅವರಿಗೆ ಗೊತ್ತಿಲ್ಲ, ಹೇಳುವ ಧೈರ್ಯ ನನಗಿಲ್ಲ. ರ‍್ಯಾಪ್ ಅಂದರೇನು ಅಂತ ತಿಳಿಯದ, ಪೂರ್ಣಿಮೆ ಸಮಿತಿಯ ಶಿವಮೂರ್ತಿ ಮೇಷ್ಟ್ರು ಮೊದಲ ಸಲ ಕೇಳಿದಾಗ, ‘ಇದು ಹಾಡೋ ಜಗಳಾನೋ? ಉಸಿರಾದ್ರೂ ತಕೊ ಅನ್ರಪ್ಪ ಅವನ್ಗೆ’ ಅಂದರಂತೆ. ಬುದ್ಧ ಬಂದ ದಾರಿ, ಬಾಬಾಸಾಹೇಬರು ಹಿಡಿದ ದೀಪ, ಅದೆಲ್ಲ ಎಲ್ಲರಿಗೂ ಇಷ್ಟವಾಯಿತು. ಎಲ್ಲರೂ ಎಡವಿದ್ದು ಈ ನಾಲ್ಕು ಸಾಲಿಗೆ:

ತಂಪು ಅಂದ್ರು, ನೆರಳು ಅಂದ್ರು, ಹೂವು ಅಂದ್ರು ನಿನ್ನ,
ನಾನಂತೀನಿ ಕುದಿಯೋ ನೀರು, ಬುದ್ಧ, ಕೇಳು ನನ್ನ.
ಗೂಡು ಬಿತ್ತು, ಎಳೆ ಸಿಕ್ತು, ಮೈಗೆ ಬಂತು ಬಟ್ಟೆ,
ಒಳಗೆ ಇದ್ದ ಹುಳ ಎಲ್ಲೋಯ್ತು? ಕೇಳಿ ನಾನು ಕೆಟ್ಟೆ.

ಫೆಬ್ರವರಿಯಲ್ಲಿ ಈ ಸಾಲು ತೆಗೆದುಹಾಕು ಎಂದು ಅಪ್ಪ ಹೇಳಿದ್ದು, ನೀನು ತೆಗೆಯುವುದಿಲ್ಲ ಎಂದಿದ್ದು, ಮಾತು ಬೆಳೆದು ನೀನು ‘ನಮ್ಮವ್ವನ ಬಾಯಿ ಮುಚ್ಚಿಸ್ದೋನು ನೀನು’ ಎಂದಿದ್ದು, ಅಪ್ಪ ಬೇರೇನೂ ಹೇಳದೆ ‘ಆಚೆ ಓಗು’ ಎಂದಿದ್ದು, ಇವನ್ನು ನಿನಗೆ ನೆನಪಿಸಬೇಕಾಗಿಲ್ಲ. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಬ್ಯಾಗು ಹಿಡಿದು ನಿಂತಿದ್ದೆ. ಹುಳ ಅಂದರೆ ಯಾರು ಎಂದು ಕೇಳಿದೆ. ‘ಎಂ.ಎ. ಮಾಡಿದ್ದೀಯ, ಅಷ್ಟೂ ಗೊತ್ತಾಗಲ್ವಾ? ಹುಳ ಅಂದ್ರೆ ಅವ್ವ ಕಣೇ’ ಎಂದೆ ನೀನು.

ನೀನು ಹೇಳಿದ ಮೇಲೆ ನನಗೂ ಹೌದೆನ್ನಿಸಿತ್ತು. ಅವ್ವ ಹಳೆಯ ಊರಿನಲ್ಲಿ ಸೋಬಾನೆ ಹೇಳುತ್ತಿದ್ದಳು, ಮನೆದೇವರು ಮಾದಪ್ಪನ ಪದ ಹೇಳುತ್ತಿದ್ದಳು, ಯಾವ ಮನೆಯ ಮದುವೆಯೂ ಮುದ್ದಮ್ಮ ಬಾರದೆ ಶುರುವಾಗುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರಲ್ಲ. ತೊಂಬತ್ತೊಂದರಲ್ಲಿ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡರು. ಅದೇ ವಾರ ಅವ್ವನ ಕಂಚಿನ ತಾಳವನ್ನು ಟವೆಲ್ಲಿನಲ್ಲಿ ಸುತ್ತಿ, ನಿನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗಿ, ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟರು. ನಿನಗೆ ಆಗ ಹತ್ತು ವರ್ಷ. ತಾಳ ಮುಳುಗುವಾಗ ಒಂದು ಸಲ ಝಣ್ ಎಂದಿತು ಎಂದು ನೀನು ನನಗೆ ಎಷ್ಟು ಸಲ ಹೇಳಿದ್ದೀಯ! ಆಮೇಲೆ ಅವ್ವ ಪದ ಹೇಳಿದ್ದನ್ನು ನಾವು ಕೇಳಲಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದೆವು. ನಮಗೆ ಶಾಲೆ ಸಿಕ್ಕಿತು, ಒಳ್ಳೆ ಬಟ್ಟೆ ಸಿಕ್ಕಿತು, ತಲೆಯೆತ್ತಿ ನಡೆಯುವುದು ಸಿಕ್ಕಿತು. ಅವ್ವ ಇಲ್ಲಿನ ರೇಷ್ಮೆ ನೂಲು ಬಿಚ್ಚುವ ಫ್ಯಾಕ್ಟರಿಯಲ್ಲಿ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತಳು. ನಿನ್ನ ಆ ನಾಲ್ಕು ಸಾಲು ಇದನ್ನೇ ಹೇಳುತ್ತಿವೆ ಎಂದು ತಿಳಿದಿದ್ದು ನನಗೊಬ್ಬಳಿಗೇ.

ಬಾಬಾಸಾಹೇಬರ ಜಯಂತಿಯ ದಿನ ನಂಜನಗೂಡಿನ ಮೆರವಣಿಗೆಯಲ್ಲಿ ಹುಡುಗರು ಟ್ರ್ಯಾಕ್ಟರಿಗೆ ಸ್ಪೀಕರ್ ಕಟ್ಟಿ ನಿನ್ನ ಹಾಡು ಹಾಕಿದರು. ಅಂಗಡಿ ಬೀದಿಯಲ್ಲಿ ನಿಂತಿದ್ದ ಯಾರೋ, ‘ನಿಮ್ ಬುದ್ಧ ಕುದಿಯೋ ನೀರಂತಲ್ಲಪ್ಪೋ, ಸ್ನಾನಕ್ಕೆ ಒಂದು ಬಕೆಟ್ ಕೊಟ್ಟೋಗಿ’ ಎಂದು ಕೂಗಿ ನಕ್ಕರಂತೆ. ಹುಡುಗರು ಟ್ರ್ಯಾಕ್ಟರಿನಿಂದ ಧುಮುಕಿದರು. ಹಿರಿಯರು ಅಡ್ಡ ಬರದಿದ್ದರೆ ಹೊಡೆದಾಟವಾಗುತ್ತಿತ್ತು. ಮಾರನೇ ದಿನ, ಹೋದ ಭಾನುವಾರ, ಪೂರ್ಣಿಮೆಯ ಸಮಿತಿ ಸೇರಿತು. ಪೂರ್ಣಿಮೆಯ ವೇದಿಕೆಯಿಂದ ನಿನ್ನ ಹಾಡು ತೆಗೆಯಬೇಕು, ನೀನು ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಅಪ್ಪ ಸಮಿತಿಯಲ್ಲಿ ಇರಬಾರದು ಎಂದು ಮಾತೆದ್ದಿತು. ಹದಿನಾರು ವರ್ಷದಿಂದ ಆ ಸಮಿತಿಯ ಶಾಮಿಯಾನ ಕಟ್ಟಿದವರು, ಅನ್ನ ಬಡಿಸಿದವರು, ಎಲ್ಲರೂ ಹೋದ ಮೇಲೆ ಕಸ ಗುಡಿಸಿದವರು ಅಪ್ಪ. ಅಧ್ಯಕ್ಷ ನಂಜುಂಡಸ್ವಾಮಿಯವರು ಶಿರಸ್ತೇದಾರರಾಗಿ ರಿಟೈರಾದವರಲ್ಲವೇ, ಎರಡೂ ಕಡೆ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ‘ಮೊದ್ಲು ಅರ್ಥ ಏನು ಅಂತ ಆಗ್ಲಿ. ಮರಿಯಯ್ಯ, ನಿನ್ ಮಗ್ಳು ಕನ್ನಡ ಎಂ.ಎ. ಅಲ್ವಾ? ಕರ್ಸು’ ಎಂದರಂತೆ.

ನನ್ನ ಸ್ವಭಾವ ನಿನಗೆ ಗೊತ್ತು. ಹಾಜರಿ ಕರೆಯುವಾಗಲೂ ಪುಸ್ತಕದಿಂದ ತಲೆ ಎತ್ತುವುದಿಲ್ಲ. ಅಪ್ಪ ಫೋನ್ ಮಾಡಿ ಕರೆದರು, ಅವತ್ತೇ ಮಧ್ಯಾಹ್ನದ ಬಸ್ಸಿಗೆ ನಂಜನಗೂಡಿಗೆ ಹೋದೆ. ಹದಿನೈದು ಜನ ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸುತ್ತ ಕೂತಿದ್ದರು. ಮಧ್ಯೆ ಟೇಬಲ್ ಮೇಲೆ ಸಿ.ಡಿ. ಪ್ಲೇಯರ್. ನಿನ್ನ ದನಿ ಆ ಕೋಣೆಯಲ್ಲಿ ಕೇಳಿದಾಗ, ನೀನೇ ಅಲ್ಲಿ ಕೈಕಟ್ಟಿ ನಿಂತಿರುವ ಹಾಗಾಯಿತು. ಆ ಸಾಲು ಬಂದಾಗ ಶಿವಮೂರ್ತಿ ಮೇಷ್ಟ್ರು ನಿಲ್ಲಿಸಿದರು. ‘ಪಂಚಶೀಲದಲ್ಲಿ ಮೊದಲ್ನೇದು ಏನು? ಪ್ರಾಣಿಹಿಂಸೆ ಮಾಡಬಾರ್ದು. ಇವ್ನು ಹುಳ ಕೊಲ್ಲೋದನ್ನ ತಂದು ಬುದ್ಧರ ತಲೆಗೇ ಕಟ್ಟವ್ನೆ’ ಎಂದರು. ಹೆಡತಲೆ ಊರಿನ ಸಣ್ಣಯ್ಯನವರು ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, ‘ಶೀಲದ ಮಾತು ಎತ್ಬ್ಯಾಡಿ ಮೇಷ್ಟ್ರೇ. ಮರಿಯಯ್ಯನ ಮನೆಯೋರು ದಿನಾ ಸಾವ್ರ ಉಳ ಬೇಯಿಸಿ ಸಂಬ್ಳ ತತ್ತಾರೆ, ನೀವು ಅವ್ರ ಮನೇಲಿ ಊಟ ಮಾಡೀರಿ’ ಎಂದರು. ಒಂದಿಬ್ಬರು ನಕ್ಕರು. ಅಪ್ಪ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ, ಷರ್ಟಿನ ತೋಳಿನ ಗುಂಡಿ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದರು. ‘ಹೇಳಮ್ಮ, ಹೆದ್ರುಕೋಬ್ಯಾಡ’ ಎಂದರು ನಂಜುಂಡಸ್ವಾಮಿ.

ಅಣ್ಣಾ, ನಾನು ಸುಳ್ಳು ಹೇಳಿದೆ. ಇದು ರೂಪಕ, ಎಂದೆ. ಗೂಡು ಅಂದರೆ ನಾವು ನಮ್ಮ ಸುತ್ತ ನಾವೇ ಕಟ್ಟಿಕೊಂಡ ಅಜ್ಞಾನ. ಗೂಡಿನ ಅಂಟು ತಣ್ಣೀರಿಗೆ ಬಿಡುವುದಿಲ್ಲ, ಕುದಿಯುವ ನೀರಿಗೇ ಬಿಡುವುದು. ಬುದ್ಧರ ಮಾತು ನಮ್ಮ ಅಂಟನ್ನು ಬಿಡಿಸಿತು, ಧಮ್ಮದ ಎಳೆ ಸಿಕ್ಕಿತು, ಅದು ನಮ್ಮ ಮಾನ ಮುಚ್ಚಿತು. ಹುಳ ಅಂದರೆ ಆಸೆ, ‘ನಾನು’ ಎನ್ನುವುದು. ಅದು ಎಲ್ಲಿ ಹೋಯಿತು ಎಂದು ಕವಿ ಕೇಳುತ್ತಾನೆ, ಯಾಕೆಂದರೆ ಅದು ಇಲ್ಲವಾಗಿದೆ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಬರೆಯುತ್ತೇವಲ್ಲ, ಹಾಗೆ ಹೇಳಿದೆ, ಒಂದು ಸಲವೂ ತೊದಲಲಿಲ್ಲ. ಶಿವಮೂರ್ತಿ ಮೇಷ್ಟ್ರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ‘ಎಂಥಾ ಒಳ ಅರ್ಥ ಮಡಗವ್ನೆ ನೋಡ್ರಿ ಹೈದ, ನಾವು ಸ್ನಾನದ ನೀರು ಅನ್ಕಂಡ್ವಲ್ಲ’ ಎಂದರು ಸಣ್ಣಯ್ಯ. ಅಲ್ಲೇ ತೀರ್ಮಾನವಾಯಿತು. ಹಾಡು ಪೂರ್ಣಿಮೆಯ ವೇದಿಕೆಯ ಮೇಲೆ ಆಗಬೇಕು, ಗುರುವೇ ಬಂದು ಹಾಡಬೇಕು, ಅದಕ್ಕೂ ಮೊದಲು ನಾನು ಮೈಕಿನಲ್ಲಿ ಈ ಅರ್ಥವನ್ನು ಓದಬೇಕು. ಒಂದು ಹಾಳೆಯಲ್ಲಿ ಬರೆದು ಮುಂದಿನ ವಾರ ಕೊಡಮ್ಮ, ಕರಪತ್ರದಲ್ಲೂ ಹಾಕಿಸೋಣ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನಗೆ ಕಿಟಕಿ ಪಕ್ಕದ ಜಾಗ ಬಿಟ್ಟು ಕೂತರು. ಟಿಕೆಟ್ ತೆಗೆದುಕೊಂಡರು. ಆಮೇಲೆ, ‘ಇನ್ನೊಂದ್ಸಲ ಹೇಳವ್ವ ಅದನ್ನ’ ಎಂದರು. ಹೇಳಿದೆ. ‘ಗುರು ಇದೇ ಅರ್ಥದಲ್ಲೇ ಬರ್ದಿದ್ನಾ?’ ಎಂದರು. ಹೂಂ ಎಂದೆ. ‘ಹುಳ ಅಂದ್ರೆ ಆಸೆ ಅಂತಾನೇ?’ ಹೂಂ ಎಂದೆ. ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ‘ಹಂಗಾರೆ ನಾನೇ ತಪ್ಪು ತಿಳ್ಕಂಡೆ. ಆಚೆ ಓಗು ಅಂದ್ಬುಟ್ಟೆ. ಬರೋಕೇಳು ಅವನ್ನ, ಪೂರ್ಣಿಮೆಗೆ ಮನೇಲಿರ್ಲಿ’ ಎಂದರು. ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ಈ ಎರಡು ತಿಂಗಳಲ್ಲಿ ನೋಡಿರಲಿಲ್ಲ. ಯೋಚಿಸು, ನಾನು ಸುಮ್ಮನಿದ್ದುಬಿಟ್ಟರೆ ಸಾಕು, ನೀನು ಮನೆಗೆ ಬರಬಹುದು. ನಾನು ಆ ಹಾಳೆ ಬರೆದು ಕೊಟ್ಟರೆ ಸಾಕು. ಇಡೀ ವಾರ ಅದನ್ನೇ ನನಗೆ ನಾನೇ ಹೇಳಿಕೊಂಡೆ. ಹಾಳೆಯನ್ನು ಬರೆಯಲು ಕೂತರೆ ಮಾತ್ರ ಕೈ ಓಡಲಿಲ್ಲ.

ಮೊನ್ನೆ ಶುಕ್ರವಾರ ಕೆಲಸದಿಂದ ಬಂದ ಅವ್ವ ಹಿತ್ತಿಲ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಅಪ್ಪ ಅಂಗಡಿಗೆ ಹೋಗಿದ್ದರು. ನಿನ್ನ ಹಾಡನ್ನು ಅವ್ವ ಪೂರ್ತಿ ಕೇಳಿಯೇ ಇರಲಿಲ್ಲ ಎಂದು ನಿನಗೆ ಗೊತ್ತೇ? ಅಪ್ಪ ಮನೆಯಲ್ಲಿ ಹಾಕಲು ಬಿಡಲಿಲ್ಲ, ಫ್ಯಾಕ್ಟರಿಯಲ್ಲಿ ಮೆಷಿನ್ನಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ನಾನು ಆ ನಾಲ್ಕು ಸಾಲನ್ನು ರಾಗವಿಲ್ಲದೆ ಮೆಲ್ಲಗೆ ಹೇಳಿದೆ. ಸಮಿತಿಯಲ್ಲಿ ನಾನು ಹೇಳಿದ ಅರ್ಥವನ್ನೂ ಹೇಳಿದೆ. ಅವ್ವ ನಕ್ಕಳು. ‘ಬೇಸಿನ್ ಮುಂದೆ ಕೂರ್ದೇ ಇರೋರೇ ಹಿಂಗೆಲ್ಲ ಏಳೋದು. ನೀರ್ಗೆ ಹಾಕೋವಾಗ ಉಳ ಎಲ್ಲಿ ಬದ್ಕಿರ್ತದವ್ವ? ಮಾರ್ಕೆಟ್ಟಿಂದ ಗೂಡು ಬಂದ ದಿನವೇ ಹಿಂದ್ಗಡೆ ರೂಮ್ನಾಗೆ ಆವಿ ಕೊಟ್ಬುಡ್ತಾರೆ. ಇಲ್ಲಾಂದ್ರೆ ಚಿಟ್ಟೆ ಆಗಿ ಗೂಡು ತೂತ ಮಾಡ್ಕಂಡು ಓಯ್ತದೆ, ಎಳೆ ತುಂಡು ತುಂಡಾಯ್ತದೆ. ನನ್ನತ್ರ ಬರೋದು ಸತ್ತಿರೋ ಉಳದ ಗೂಡು. ಬಿಸ್ನೀರು ಕೊಲ್ಲಲ್ಲ ಕಣವ್ವ, ಬಿಚ್ತದೆ ಅಷ್ಟೇಯ’ ಎಂದಳು.

ನೀನು ಮಧ್ಯಾಹ್ನ ಅವ್ವನಿಗೆ ಬುತ್ತಿ ಕೊಡಲು ಹೋಗುತ್ತಿದ್ದೆ, ನೋಡಿದ್ದು ಬೇಸಿನ್ ಮಾತ್ರ. ನಾನು ಅದನ್ನೂ ಸರಿಯಾಗಿ ನೋಡಿದವಳಲ್ಲ. ಹಿಂದಿನ ಕೋಣೆಗೆ ನಮ್ಮಿಬ್ಬರನ್ನೂ ಯಾರೂ ಬಿಟ್ಟಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಇದು ಒಂದು ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ನನಗೇನಾಯಿತೋ, ಹುಳ ಅಂದರೆ ಆಸೆಯಲ್ಲ, ಗುರಣ್ಣ ನಿನ್ನನ್ನೇ ಹುಳ ಅಂದಿದ್ದಾನೆ, ಅಪ್ಪನ ಬುದ್ಧ ನಿನ್ನ ಪದ ಕೊಂದ ಎಂದು ಬರೆದಿದ್ದಾನೆ ಎಂದು ಹೇಳಿಬಿಟ್ಟೆ.

ಅವ್ವ ಚಾಚಿದ್ದ ಕಾಲು ಮಡಚಿಕೊಂಡಳು. ಆಮೇಲೆ ಹೇಳಿದಳು. ತೊಂಬತ್ತರ ಬೇಸಿಗೆಯಲ್ಲಿ ಹಳೆಯ ಊರಿನ ಒಂದು ದೊಡ್ಡ ಮನೆಯಲ್ಲಿ ಮದುವೆಯ ಶಾಸ್ತ್ರ. ಅವ್ವನನ್ನು ಕರೆಸಿದ್ದರು. ಚಪ್ಪರದ ಹೊರಗೆ, ಅಂಗಳದ ಅಂಚಿನಲ್ಲಿ ಚಾಪೆಯೂ ಇಲ್ಲದೆ ಕೂತು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸೋಬಾನೆ ಹೇಳಿದಳು. ಹೆಣ್ಣನ್ನು ಕಳಿಸುವ ಪದಕ್ಕೆ ಮನೆಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡರಂತೆ. ಪದ ಮುಗಿಯಿತು. ಅವ್ವ ತಾಳ ಸೆರಗಿಗೆ ಸುತ್ತಿಕೊಂಡು ಏಳುವಷ್ಟರಲ್ಲಿ, ಆಗಷ್ಟೇ ಕಣ್ಣೊರೆಸಿಕೊಂಡಿದ್ದ ಆ ಮನೆಯ ಯಜಮಾನಿ ಒಂದು ಕೊಡ ನೀರು ತಂದು, ಅವ್ವ ಕೂತಿದ್ದ ಜಾಗದ ಮೇಲೆ ಸುರಿದು ಪೊರಕೆಯಲ್ಲಿ ಗುಡಿಸಿದಳು. ‘ನನ್ ಸೆರಗು ಇನ್ನೂ ನೆಲದ ಮೇಲೇ ಇತ್ತು ಕಣವ್ವ, ನೆಂದೋಯ್ತು. ಆವಮ್ಮ ಬೈಲಿಲ್ಲ, ಸಿಡುಕ್ಲಿಲ್ಲ. ನನ್ ಮಕ ನೋಡಿ ನಗ್ತಾ, ಚೆನ್ನಾಗಿ ಏಳ್ದೆ ಮುದ್ದಿ ಅಂತಾನೇ ಗುಡಿಸಿದ್ಳು’ ಎಂದಳು ಅವ್ವ. ಆ ದಿನವೇ ದನಿ ನಿಂತಿತು. ಮನೆಗೆ ಬಂದು ಬಾಯಿ ತೆಗೆದರೆ ಪದ ಬರಲಿಲ್ಲವಂತೆ. ಮಾದಪ್ಪನ ಮುಂದೆ ಕೂತರೂ ಬರಲಿಲ್ಲವಂತೆ. ಅಪ್ಪ ದೀಕ್ಷೆ ತೆಗೆದುಕೊಂಡದ್ದು ಅದಾಗಿ ಒಂದು ವರ್ಷದ ಮೇಲೆ.

ತಾಳವನ್ನು ಕೊಟ್ಟವಳೂ ಅವ್ವನೇ. ‘ಅದು ಕಣ್ಣಿಗೆ ಬಿದ್ರೆ ನೆಂದ ಸೆರಗು ನೆಪ್ಪಾಯ್ತದೆ, ಎಲ್ಲಾದ್ರೂ ಬುಟ್ಬುಟ್ಟು ಬನ್ನಿ ಅಂದೆ. ನಿಮ್ಮಪ್ಪ ಆಗಲ್ಲ ಅಂದ್ರು, ಇರ್ಲಿ, ಮುಂದೆ ಯಾವತ್ತಾದ್ರೂ ಏಳೀಯೆ ಅಂದ್ರು. ನಾನೇ ಆಣೆ ಆಕಿ ಕಳಿಸ್ದೆ. ಮಕ್ಳಿಗೆ ಇದನ್ನ ಏಳ್ಬ್ಯಾಡಿ, ಅವರವ್ವ ಕೂತ ಜಾಗ ತೊಳೆಸ್ಕಂಡೋಳು ಅಂತ ಅವ್ರಿಗೆ ತಿಳೀಬಾರ್ದು ಅಂತ್ಲೂ ಆಣೆ ಆಕ್ದೆ’ ಎಂದಳು.

ಫೆಬ್ರವರಿಯ ಆ ದಿನ ನೀನು ಆ ಮಾತು ಎಸೆದಾಗ ಅಪ್ಪ ಯಾಕೆ ಏನೂ ಹೇಳಲಿಲ್ಲ ಎಂದು ನಾನು ಈಗ ಮತ್ತೆ ಮತ್ತೆ ಯೋಚಿಸುತ್ತೇನೆ. ಒಂದು ಮಾತು ಸಾಕಿತ್ತು ಅವರಿಗೆ. ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು, ಅಪ್ಪ ಅವಳ ಕಡೆ ಒಮ್ಮೆ ನೋಡಿದರು. ನಿನಗೆ ನೆನಪಿದೆಯೇ? ನಾನು ಅದನ್ನು ಸಿಟ್ಟು ಎಂದುಕೊಂಡಿದ್ದೆ. ಅವರು ಅವ್ವನ ಅಪ್ಪಣೆ ಕೇಳುತ್ತಿದ್ದರು ಅಣ್ಣಾ. ಅವ್ವ ತಲೆ ತಗ್ಗಿಸಿದಳು, ಅಪ್ಪ ‘ಆಚೆ ಓಗು’ ಎಂದರು.

ಇದನ್ನು ನಿನಗೆ ಬರೆಯಲೇ ಎಂದು ಅವ್ವನನ್ನು ಕೇಳಿದೆ. ‘ಅವನ್ಗೆ ಬರಿ. ಸಮಿತಿಯೋರ್ಗೆ ಬ್ಯಾಡ’ ಎಂದಳು. ಆಮೇಲೆ ಒಳಗೆ ಹೋಗುತ್ತ, ‘ಆಡು ಚೆನ್ನಾಗದೆ ಅನ್ನು. ಉಳ ಎಲ್ಲೋಯ್ತು ಅಂತ ಕೇಳೋನು ಒಬ್ನಾದ್ರೂ ಉಟ್ಟಿದ್ನಲ್ಲ ನನ್ ಒಟ್ಟೇಲಿ’ ಎಂದಳು. ಇದನ್ನು ಬರೆಯುವಾಗ ನನಗೆ ಅಕ್ಷರ ಕಾಣಿಸುತ್ತಿಲ್ಲ.

ಸಾಲು ತಿದ್ದು ಎಂದು ನಾನು ಹೇಳುವುದಿಲ್ಲ. ನಿನ್ನ ರೂಪಕ ತಪ್ಪು ಎಂದು ಹೇಳುವ ಧೈರ್ಯವೂ ನನಗಿಲ್ಲ. ನೀನು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ, ಕೇಳಿದ್ದು ಮಾತ್ರ ಕೇಳಬೇಕಾದವರನ್ನಲ್ಲ. ಅದನ್ನು ಇಟ್ಟುಕೊಳ್ಳುತ್ತೀಯೋ, ಮುಂದೆ ಇನ್ನೆರಡು ಸಾಲು ಸೇರಿಸುತ್ತೀಯೋ ನಿನಗೆ ಬಿಟ್ಟದ್ದು. ಹಾಡು ನಿನ್ನದು. ಆದರೆ ನಮ್ಮನ್ನು ಆ ಅಂಗಳದಿಂದ ಎಬ್ಬಿಸಿ ಇಲ್ಲಿಗೆ ಕರೆತಂದ ಅಪ್ಪ, ಅವ್ವನನ್ನು ಕೊಂದವರ ಪಟ್ಟಿಯಲ್ಲಿ ಇನ್ನೊಂದು ದಿನವೂ ಇರಬಾರದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ರೂಮಿನ ಗೆಳೆಯರಿಗೆ ನನ್ನ ನಮಸ್ಕಾರ ಹೇಳು, ನಿನ್ನ ಅಡುಗೆ ತಡೆದುಕೊಂಡಿದ್ದಕ್ಕೆ. ಅವ್ವ ಒಂದು ಡಬ್ಬಿ ಹುಳಿಪುಡಿ ಮಾಡಿಟ್ಟಿದ್ದಾಳೆ, ಆ ಕಡೆಗೆ ಹೋಗುವವರು ಸಿಕ್ಕಿದರೆ ಕಳಿಸುತ್ತೇನೆ. ಬುದ್ಧರ ಕರುಣೆ ನಿನ್ನ ತಲೆ ಕಾಯಲಿ. ಜೈ ಭೀಮ್.

ನಿನ್ನ ತಂಗಿ,
ಕವನ

ಕವರಿಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು. ಹಾಳೆ ಕೇಳಿಕೊಂಡು ನಂಜುಂಡಸ್ವಾಮಿಯವರು ನಾಳೆ ಫೋನ್ ಮಾಡುತ್ತಾರೆ. ಅದನ್ನು ನಾನು ಬರೆಯುವುದಿಲ್ಲ. ಹೋದ ವಾರ ಹೇಳಿದ ಅರ್ಥ ಹೆದರಿಕೆಯಿಂದ ನಾನೇ ಕಟ್ಟಿದ್ದು, ಹಾಡಿನ ಅರ್ಥ ಬರೆದವನನ್ನೇ ಕೇಳಿ ಎಂದು ಅವರಿಗೆ ಹೇಳುತ್ತೇನೆ. ಅದರಿಂದ ಹಾಡು ಮತ್ತೆ ನಿಂತುಹೋಗಬಹುದು, ಅಪ್ಪನ ಸಮಿತಿಯೂ ಹೋಗಬಹುದು. ಅದಕ್ಕೇ ಅಪ್ಪನಿಗೆ ಮೊದಲೇ ತಿಳಿಯಬೇಕು. ನೀನು ಹುಳ ಅಂದದ್ದು ಯಾರನ್ನು ಎಂದು ಹೇಳುತ್ತೇನೆ, ಆ ಕೊಡದ ನೀರಿನ ವಿಷಯ ನಮಗೆ ತಿಳಿಯಿತು ಎಂದೂ ಹೇಳುತ್ತೇನೆ. ಮನೆಯಲ್ಲಿ ಅವ್ವನ ಎದುರಿಗೆ ಆಗುವುದಿಲ್ಲ. ಅಪ್ಪ ಈಗ ಜಗಲಿಯಲ್ಲಿ ಪೇಪರ್ ಓದುತ್ತಿದ್ದಾರೆ. ಈ ಪತ್ರ ಹಾಕಿ ಬರೋಣ, ಅಂಚೆ ಡಬ್ಬಿಯವರೆಗೆ ನನ್ನ ಜೊತೆ ಬನ್ನಿ ಎಂದು ಕರೆಯುತ್ತೇನೆ. ದಾರಿಯಲ್ಲಿ ಹೇಳುತ್ತೇನೆ.